ಒಂದು ರೂಪಾಯಿ ಟ್ರಯಲ್, ತಿಂಗಳಿಗೆ 299ರ ಬರೆ

ಸೈಬರ್ ಅಕ್ಕನಿಗೆ ಕೇಳಿ

ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ನಾನು ಸೈಬರ್ ಸೆಂಟರ್ ಇಟ್ಟು ಇಪ್ಪತ್ತೊಂದು ವರ್ಷ ಆಯಿತು. ಮೊದಲು ಹುಡುಗರು ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಚಾಟ್ ಮಾಡಲು ಬರುತ್ತಿದ್ದರು. 2016ರಲ್ಲಿ ಜಿಯೋ ಬಂದ ಮೇಲೆ ಆ ವ್ಯಾಪಾರ ಮುಗಿಯಿತು. ಈಗ ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಸ್ಕಾಲರ್‌ಶಿಪ್ ಅರ್ಜಿ, ರಿಸಲ್ಟ್, ಇಷ್ಟೇ. ಇದರ ಜೊತೆ ಇನ್ನೊಂದು ಕೆಲಸ ತಾನಾಗಿಯೇ ಬಂದು ಅಂಟಿಕೊಂಡಿದೆ. ಜನ ಫೋನನ್ನು ನನ್ನ ಮುಂದೆ ಚಾಚಿ, ದನಿ ತಗ್ಗಿಸಿ, "ಅಕ್ಕಾ, ಇದೇನೋ ಆಗಿಬಿಟ್ಟಿದೆ, ಸ್ವಲ್ಪ ನೋಡ್ತೀರಾ?" ಅನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಜೇಬು ಕತ್ತರಿಸಿಕೊಂಡವರು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಾರೆ. ಫೋನಿನಲ್ಲಿ ಕಳೆದುಕೊಂಡವರು ಯಾಕೆ ಪಿಸುಗುಟ್ಟುತ್ತಾರೋ ನನಗೆ ಗೊತ್ತಿಲ್ಲ. ಈ ಸಲ ಬಂದ ಪತ್ರಗಳಲ್ಲೂ ಅದೇ ಪಿಸುಮಾತು ಜಾಸ್ತಿ.

ಪ್ರಶ್ನೆ: ಮೊಮ್ಮಗಳಿಗೆ ಕಥೆ ಕೇಳಿಸೋಣ ಅಂತ ಒಂದು ಆ್ಯಪ್ ಹಾಕಿಕೊಂಡೆ. 'ಒಂದು ರೂಪಾಯಿಗೆ ಏಳು ದಿನ' ಅಂತ ಇತ್ತು, ಕಟ್ಟಿದೆ. ಎರಡೇ ದಿನಕ್ಕೆ ಬೇಜಾರಾಗಿ ಆ್ಯಪ್ ತೆಗೆದುಹಾಕಿದೆ. ಮೊನ್ನೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ನೋಡುತ್ತೇನೆ, ಐದು ತಿಂಗಳಿಂದ ಪಿಂಚಣಿ ಖಾತೆಯಿಂದ 299 ರೂಪಾಯಿ ಹೋಗುತ್ತಿದೆ. ಮಗನಿಗೆ ಹೇಳಲು ನಾಚಿಕೆ. ನಿಲ್ಲಿಸುವುದು ಹೇಗೆ?
– ನಿವೃತ್ತ ಮೇಷ್ಟ್ರು, ಶ್ರೀನಿವಾಸಪುರ

ಉತ್ತರ: ಮೇಷ್ಟ್ರೇ, ಮೊದಲು ದುಡ್ಡು ಹೋಗುವುದನ್ನು ನಿಲ್ಲಿಸೋಣ, ನಾಚಿಕೆ ವಿಚಾರ ಆಮೇಲೆ. ನೀವು ಆ ಒಂದು ರೂಪಾಯಿ ಕಟ್ಟಿದ ಯುಪಿಐ ಆ್ಯಪ್ ತೆಗೆಯಿರಿ. ಮೇಲೆ ಮೂಲೆಯಲ್ಲಿ ನಿಮ್ಮ ಫೋಟೋನೋ, ಹೆಸರಿನ ಮೊದಲ ಅಕ್ಷರವೋ ಇರುವ ಗುಂಡಗಿನ ಜಾಗ ಇರುತ್ತೆ. ಅದನ್ನು ಒತ್ತಿ. ಕೆಳಗೆ 'ಆಟೋಪೇ' ಅಂತ ಇರುತ್ತೆ. ಅಲ್ಲಿ ಆ ಕಥೆ ಆ್ಯಪಿನ ಹೆಸರು ಕೂತಿರುತ್ತೆ ನೋಡಿ. ಅದನ್ನು ಕ್ಯಾನ್ಸಲ್ ಮಾಡಿ. 'ಪಾಝ್' (Pause) ಅಂತಲೂ ಒಂದು ಇರಬಹುದು, ಅದನ್ನು ಒತ್ತಬೇಡಿ, ಅದು ಸ್ವಲ್ಪ ದಿನ ತಡೆಹಿಡಿಯುತ್ತೆ ಅಷ್ಟೇ. ಯುಪಿಐನಲ್ಲಿ ಸಿಗದಿದ್ದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್ ಇರುವ ಜಾಗದಲ್ಲಿ ಹುಡುಕಿ. ಎರಡರಲ್ಲಿ ಒಂದು ಕಡೆ ಇದ್ದೇ ಇರುತ್ತೆ.

ಆ್ಯಪ್ ತೆಗೆದುಹಾಕಿದರೆ ಸಂಬಂಧ ಮುಗಿಯಿತು ಅಂತ ನೀವೊಬ್ಬರೇ ಅಂದುಕೊಂಡಿಲ್ಲ. ನನ್ನ ಅಂಗಡಿಗೆ ಈ ಕಾರಣಕ್ಕೆ ಬಂದವರೆಲ್ಲ ಹಾಗೇ ಅಂದುಕೊಂಡಿದ್ದರು. ಮನೆ ಖಾಲಿ ಮಾಡಿದರೂ ಪೇಪರ್ ಹುಡುಗನಿಗೆ ಹೇಳದೆ ಹೋದರೆ ಬಿಲ್ ಬರುತ್ತಲೇ ಇರುತ್ತಲ್ಲ, ಹಾಗೆ ಇದು. ಒಂದು ರೂಪಾಯಿ ಕಟ್ಟುವಾಗ ನೀವು ಹಾಕಿದ ಪಿನ್ ಇತ್ತಲ್ಲ, ಅದು ಆ ಒಂದು ರೂಪಾಯಿಗೆ ಮಾತ್ರ ಹಾಕಿದ್ದಲ್ಲ. ಮುಂದೆ ತಿಂಗಳು ತಿಂಗಳು ಇಷ್ಟು ತಗೊಳ್ಳಿ ಅಂತ ಬ್ಯಾಂಕಿಗೆ ಕೊಟ್ಟ ಒಪ್ಪಿಗೆಯೂ ಅದೇ. 'ಒಂದು ರೂಪಾಯಿ' ಅನ್ನುವುದು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ, 299 ಅನ್ನುವುದು ತೆಳು ಬೂದು ಬಣ್ಣದಲ್ಲಿ ಬಟನ್ನಿನ ಕೆಳಗೆ. ನಾನು ಕನ್ನಡಕ ಹಾಕಿಕೊಂಡು, ಸ್ಕ್ರೀನ್ ಹಿಗ್ಗಿಸಿ ಓದಿದ್ದೇನೆ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೀಗೆ ದುಡ್ಡು ಕಡಿಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ತಿಳಿಸಬೇಕು. ನಿಮ್ಮ ಮೆಸೇಜುಗಳನ್ನು ಹಿಂದಕ್ಕೆ ತಳ್ಳಿ ನೋಡಿ, ಸಿಗಬಹುದು. ಇಂಗ್ಲಿಷಿನಲ್ಲಿ, ಲೋನ್ ಬೇಕಾ ಅನ್ನುವ ಮೆಸೇಜುಗಳ ಮಧ್ಯೆ ಎಲ್ಲೋ.

ನಾಚಿಕೆ ವಿಚಾರಕ್ಕೆ ಬರೋಣ. ಅಮೆರಿಕದಲ್ಲಿ ಅಲ್ಲಿನ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಕೇಸು ಹಾಕಿತು. ಪ್ರೈಮ್ ಸದಸ್ಯತ್ವಕ್ಕೆ ಸೇರುವುದು ಸುಲಭ, ಬಿಡುವುದಕ್ಕೆ ಪುಟದ ಮೇಲೆ ಪುಟ ದಾಟಬೇಕು ಅನ್ನುವುದು ದೂರು. ಆ ಬಿಡಿಸಿಕೊಳ್ಳುವ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು 'ಇಲಿಯಡ್' ಅಂತ ದೂರಿನಲ್ಲಿದೆ. ಗ್ರೀಕರ ಟ್ರಾಯ್ ಯುದ್ಧದ ಮಹಾಕಾವ್ಯ ಅದು, ಓದಿದಷ್ಟೂ ಮುಗಿಯದ್ದು. ನಮ್ಮವರಾಗಿದ್ದರೆ 'ಮಹಾಭಾರತ' ಅಂತ ಇಟ್ಟಿರುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರಿಗೆ ರಾಜಿ ಆಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ದುಡ್ಡು ಕೊಡಲು ಒಪ್ಪಿಕೊಂಡಿತು. ನಾನು ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ದಾರಿಗಳನ್ನು ಸಂಬಳ ತೆಗೆದುಕೊಂಡು, ಮೀಟಿಂಗ್ ಮಾಡಿ, ಯಾವ ಬಣ್ಣದ ಬಟನ್ ಇಟ್ಟರೆ ಎಷ್ಟು ಜನ ಒತ್ತುತ್ತಾರೆ ಅಂತ ಎಣಿಸಿ ಕಟ್ಟುತ್ತಾರೆ. ಅಷ್ಟು ಜನ ಒಂದು ಕಡೆ, ಸಂಜೆ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡ ನೀವೊಬ್ಬರು ಇನ್ನೊಂದು ಕಡೆ.

ನಮ್ಮಲ್ಲೂ ಇದಕ್ಕೆ ನಿಯಮ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಆಟಗಳನ್ನು ಪಟ್ಟಿ ಮಾಡಿ, ಮಾಡಕೂಡದು ಅಂತ ಹೇಳಿತು. ಅವುಗಳಿಗೆ 'ಡಾರ್ಕ್ ಪ್ಯಾಟರ್ನ್' ಅನ್ನುತ್ತಾರೆ. ನಿಮ್ಮದು ಅದರಲ್ಲಿ ಸಬ್‌ಸ್ಕ್ರಿಪ್ಷನ್ ಬಲೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ 1,495 ರೂಪಾಯಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ದೂರು ದಾಖಲಾಗುತ್ತೆ. ಮಗನಿಗೂ ಹೇಳಿಬಿಡಿ. ಅವನ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆಗೆಸಿ ನೋಡಿ, ತಮಾಷೆ ಇರುತ್ತೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಫೋನ್ ಇಲ್ಲದೆ ಒಂದು ತುತ್ತೂ ಇಳಿಯಲ್ಲ. ಬೈಯೋಣ ಅಂದರೆ ರಾತ್ರಿ ಅವನು ಮಲಗಿದ ಮೇಲೆ ನಾನೇ ಹನ್ನೆರಡರ ತನಕ ರೀಲ್ಸ್ ನೋಡುತ್ತೇನೆ. ಐದು ನಿಮಿಷ ಅಂತಲೇ ಶುರು ಮಾಡುವುದು. ನನಗೆ ಮನಸ್ಸು ಗಟ್ಟಿ ಇಲ್ಲವಾ ಅಕ್ಕಾ?
– ಗೃಹಿಣಿ, ಬಂಗಾರಪೇಟೆ

ಉತ್ತರ: ನೋಡಮ್ಮಾ, ನನ್ನದೊಂದು ಕಥೆ ಹೇಳುತ್ತೇನೆ. ಹೋದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಹಿತಕಿದ ಬೇಳೆ ಸಾರು ಮಾಡೋಣ ಅಂತ ರಾತ್ರಿಯೇ ಕಾಳು ನೆನೆಸಿದ್ದೆ. ಬೆಳಿಗ್ಗೆ ಪಾತ್ರೆ ಮುಂದಿಟ್ಟುಕೊಂಡು ಕೂತೆ. ಸುಮ್ನೆ ಕೂತು ಹಿತುಕುವುದು ಬೇಜಾರು ಅಂತ ಸ್ಟೀಲ್ ಡಬ್ಬಕ್ಕೆ ಫೋನ್ ಒರಗಿಸಿ ರೀಲ್ಸ್ ಹಾಕಿದೆ. ಬೆರಳೆಲ್ಲ ಒದ್ದೆ, ಸಿಪ್ಪೆ ಅಂಟಿಕೊಂಡಿದೆ. ಹಾಗಾಗಿ ಮೊಣಕೈಯಲ್ಲಿ ಸ್ಕ್ರೀನ್ ಮೇಲಕ್ಕೆ ತಳ್ಳುತ್ತಿದ್ದೆ. ಒಂದು ಕಾಳು ಹಿತುಕುವುದು, ಬಗ್ಗಿ ಮೊಣಕೈಯಲ್ಲಿ ತಳ್ಳುವುದು. ಮಗಳು ಬಾಗಿಲಲ್ಲಿ ನಿಂತು ನೋಡಿ, "ಅಮ್ಮಾ, ಏನಿದು ಯೋಗಾಸನ?" ಅಂದಳು. ಮುಕ್ಕಾಲು ಗಂಟೆ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ಸಾರು ಆಗುವಷ್ಟರಲ್ಲಿ ಯಜಮಾನರು ಹೋಟೆಲಿನಲ್ಲಿ ಊಟ ಮುಗಿಸಿದ್ದರು. ಏನೇನು ನೋಡಿದೆ ಅಂತ ಕೇಳಿದರೆ ಒಂದೂ ನೆನಪಿಲ್ಲ.

ನಾನು ಇಪ್ಪತ್ತು ವರ್ಷದಿಂದ ಅಂಗಡಿ, ಮನೆ, ಮಕ್ಕಳ ಫೀಸು ಎಲ್ಲ ನಿಭಾಯಿಸಿದವಳು. ಮನಸ್ಸು ಗಟ್ಟಿ ಇಲ್ಲ ಅಂತ ನನ್ನನ್ನು ಯಾರೂ ಅಂದಿಲ್ಲ. ನಿಮ್ಮನ್ನೂ ನೀವು ಅಂದುಕೊಳ್ಳಬೇಡಿ.

ಪುಸ್ತಕಕ್ಕೆ ಕೊನೆ ಪುಟ ಇದೆ. ಟಿವಿ ಸೀರಿಯಲ್ಲಿಗೆ ಅರ್ಧ ಗಂಟೆ ಆದಮೇಲೆ 'ಮುಂದುವರೆಯುವುದು' ಇದೆ. ಅಲ್ಲಿ ಏಳಬೇಕು ಅಂತ ಮೈಗೆ ಗೊತ್ತಾಗುತ್ತೆ. ಇದರಲ್ಲಿ ಆ ಕೊನೆಯನ್ನೇ ಕಿತ್ತುಹಾಕಿದ್ದಾರೆ. ತಳ್ಳಿದಷ್ಟೂ ಬರುವ ಈ ಪುಟವನ್ನು 2006ರಲ್ಲಿ ರೂಪಿಸಿದವನು ಅಜಾ ರಾಸ್ಕಿನ್ ಅಂತ. ಆಮೇಲೆ ಅವನೇ ಅದಕ್ಕೆ ಪಶ್ಚಾತ್ತಾಪ ಪಟ್ಟು ಬಹಿರಂಗವಾಗಿ ಮಾತಾಡಿದ. ನಮ್ಮ ದೇಶದಲ್ಲಿ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧ ಆಯಿತಲ್ಲ, ಒಂದು ವಾರ ಕಳೆಯುತ್ತಿದ್ದ ಹಾಗೇ ಇಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಖಾಲಿ ಜಾಗ ಒಂದು ಮಳೆಗಾಲದಷ್ಟೂ ಖಾಲಿ ಇರಲಿಲ್ಲ.

ಇನ್ನೊಂದು ಗುಟ್ಟು ಪಾರಿವಾಳದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ. ಗುಂಡಿ ಕುಕ್ಕಿದರೆ ಕಾಳು ಬೀಳುತ್ತೆ. ಆದರೆ ಒಮ್ಮೆ ಮೂರು ಸಲ ಕುಕ್ಕಿದರೆ, ಇನ್ನೊಮ್ಮೆ ಮೂವತ್ತು ಸಲ ಕುಕ್ಕಿದರೆ, ಯಾವಾಗ ಅಂತ ಗೊತ್ತಾಗದ ಹಾಗೆ ಕಾಳು ಹಾಕಿದಾಗ ಹಕ್ಕಿ ಕುಕ್ಕುವುದನ್ನು ಬಿಡುವುದೇ ಇಲ್ಲ. ಒಂಬತ್ತು ರೀಲ್ ಸಪ್ಪೆ, ಹತ್ತನೆಯದಕ್ಕೆ ಹೊಟ್ಟೆ ಹುಣ್ಣಾಗುವ ನಗು. ಆ ಹತ್ತನೆಯದಕ್ಕೆ ಕಾದು ನಾನು ಮೊಣಕೈಯಲ್ಲಿ ಕುಕ್ಕುತ್ತಿದ್ದೆ.

ಏನು ಮಾಡಬೇಕು ಅಂತ ಕೇಳಿದಿರಿ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಹಿಸ್ಟರಿಯನ್ನು ಪೂರ್ತಿ ಅಳಿಸಿ, ಅದನ್ನೂ ಆಫ್ ಮಾಡಿ. ಆಗ ಆ್ಯಪ್ ತೆರೆದ ತಕ್ಷಣ ಮೊದಲ ಪುಟ ಬರೀ ಖಾಲಿ, ನೀವಾಗಿ ಹುಡುಕಿದ್ದಷ್ಟೇ ಬರುತ್ತೆ. ನಾನು ಮಾಡಿದ ಮೊದಲ ದಿನ ಆ ಖಾಲಿ ಪುಟ ನೋಡಿ ಮನೆ ಸಾಮಾನು ಸಾಗಿಸಿದ ಹಾಗೆ ಅನಿಸಿತು. ಮಗುವಿಗೆ ಎರಡು ಹಾಡು ಡೌನ್‌ಲೋಡ್ ಮಾಡಿ, ನೆಟ್ ಆಫ್ ಮಾಡಿ ಕೊಡಿ. ಎರಡು ಹಾಡು ಮುಗಿದರೆ ಮುಗಿಯಿತು. ಮೊದಲ ಮೂರ್ನಾಲ್ಕು ದಿನ ಅಳುತ್ತಾನೆ, ತಟ್ಟೆ ತಳ್ಳುತ್ತಾನೆ. ಅದಕ್ಕೆ ನನ್ನ ಹತ್ತಿರ ಸೆಟ್ಟಿಂಗ್ ಇಲ್ಲ ತಾಯಿ, ನನ್ನ ಅತ್ತೆ ಮಾಡುತ್ತಿದ್ದ ಹಾಗೆ ಟೆರೇಸಿಗೆ ಎತ್ತಿಕೊಂಡು ಹೋಗಿ ಕಾಗೆ ತೋರಿಸಿ.

ಪ್ರಶ್ನೆ: ಆನ್‌ಲೈನಿನಲ್ಲಿ ಔಷಧಿ ಹೊಡೆಯುವ ಸ್ಪ್ರೇಯರ್ ನೋಡಿದೆ. 1,849 ರೂಪಾಯಿ, 'ಇನ್ನು 2 ಮಾತ್ರ ಉಳಿದಿದೆ, 9 ನಿಮಿಷದಲ್ಲಿ ಆಫರ್ ಮುಗಿಯುತ್ತೆ' ಅಂತ ಗಡಿಯಾರ ಓಡುತ್ತಿತ್ತು. ಗಾಬರಿಯಲ್ಲಿ ಒತ್ತಿಬಿಟ್ಟೆ. ಕೊನೆಗೆ ಕಡಿದದ್ದು 2,026. ನಾನು ಹಳ್ಳಿಯವನು, ನನಗೆ ತಿಳಿಯಲಿಲ್ಲ.
– ಟೊಮೆಟೊ ಬೆಳೆಗಾರರು, ವಡ್ಡಹಳ್ಳಿ ಹತ್ತಿರ, ಮುಳಬಾಗಿಲು ತಾಲ್ಲೂಕು

ಉತ್ತರ: ಅಣ್ಣಾ, ನೀವು ಕಳಿಸಿದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದೇ ಸ್ಪ್ರೇಯರನ್ನು ನನ್ನ ಅಂಗಡಿ ಕಂಪ್ಯೂಟರಿನಲ್ಲಿ ತೆಗೆದೆ. ಗಡಿಯಾರ 10 ನಿಮಿಷದಿಂದ ಶುರುವಾಯಿತು. ಟೀ ಕುಡಿದು ಬಂದೆ. ಸೊನ್ನೆಗೆ ಬಂದಿತ್ತು. ಪುಟ ಮುಚ್ಚಿ ತೆರೆದೆ, ಮತ್ತೆ 10 ನಿಮಿಷ. ಮಗಳ ಫೋನಿನಲ್ಲಿ ತೆಗೆದರೆ ಅವಳಿಗೆ ಬೇರೆಯದೇ 10 ನಿಮಿಷ. 'ಇನ್ನು 2 ಮಾತ್ರ' ಅನ್ನುವುದು ನಿಮ್ಮ ಪತ್ರ ಬಂದ ದಿನವೂ ಇತ್ತು, ಇದನ್ನು ಬರೆಯುವ ದಿನವೂ ಇದೆ. ಅದಕ್ಕೆ ಸುಳ್ಳು ಅವಸರ ಅನ್ನುತ್ತಾರೆ, ಆ 13ರ ಪಟ್ಟಿಯಲ್ಲಿ ಮೊದಲನೆಯದೇ ಅದು.

ಆಮೇಲೆ ಲೆಕ್ಕ. ಡೆಲಿವರಿ 99, ಹ್ಯಾಂಡ್ಲಿಂಗ್ 19, ಎಕ್ಸ್‌ಟ್ರಾ ವಾರಂಟಿ 49, ದಾನ 10. ಡೆಲಿವರಿ, ಹ್ಯಾಂಡ್ಲಿಂಗ್ ಎರಡನ್ನೂ ಮೊದಲ ಪುಟದಲ್ಲೇ ಹೇಳದೆ ಹನಿ ಹನಿಯಾಗಿ ಬಿಟ್ಟರು. ವಾರಂಟಿಗೂ ದಾನಕ್ಕೂ ಮೊದಲೇ ಟಿಕ್ ಹಾಕಿ ಇಟ್ಟಿದ್ದರು, ನೀವು ಕೇಳದೆಯೇ ಬುಟ್ಟಿಗೆ ಬಿತ್ತು. ವಾರಂಟಿ ತೆಗೆಯಲು ಹೋದರೆ ಏನು ಬಂತು ಗೊತ್ತಾ? 'ಬೇಡ, ನನ್ನ ವಸ್ತು ಹಾಳಾದರೂ ಪರವಾಗಿಲ್ಲ' ಅನ್ನುವ ಬಟನ್. ಒಬ್ಬ ಅಂಗಡಿಯವನು ನಿಮ್ಮ ಮುಖ ನೋಡಿ ಹೀಗೆ ಅಂದಿದ್ದರೆ ನೀವು ಅಲ್ಲೇ ಎದ್ದು ಬರುತ್ತಿದ್ದಿರಿ.

ಹಳ್ಳಿಯವನು ಅಂತ ಮಾತ್ರ ಹೇಳಬೇಡಿ. ನೀವು ಮಂಡಿಯಲ್ಲಿ ಹರಾಜು ನಿಂತು ನೋಡಿದವರು. ಹದಿನೈದು ಕೆಜಿ ಬಾಕ್ಸಿಗೆ ಎಷ್ಟು ಅಂತ ಕೂಗುವಾಗ ಸುತ್ತ ನಿಂತ ಎಲ್ಲರ ಕಿವಿಗೂ ಬೀಳುತ್ತೆ. ಪಕ್ಕದ ರಾಶಿಗೆ ಎಷ್ಟು ಬಿತ್ತು, ನಿಮ್ಮದಕ್ಕೆ ಎಷ್ಟು ಬಿತ್ತು, ಗೊತ್ತಾಗುತ್ತೆ. ಕಡಿಮೆ ಬಿದ್ದರೆ ಜಗಳ ಆಡಬಹುದು. ಮಂಡಿಯವರೆಲ್ಲ ಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ, ಆದರೆ ಅಲ್ಲಿ ನಾಲ್ಕು ಜನ ಸಾಕ್ಷಿ ಇರುತ್ತಾರೆ. ಫೋನಿನಲ್ಲಿ ಪಕ್ಕದವರ ಸ್ಕ್ರೀನು ನಿಮಗೆ ಕಾಣುವುದಿಲ್ಲ. ಒಂದೇ ದೂರಕ್ಕೆ ಫೋನ್ ನೋಡಿ ಬೇರೆ ಬೇರೆ ಬಾಡಿಗೆ ತೋರಿಸುತ್ತಾರೆ ಅನ್ನುವ ದೂರು ಬಂದು, 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಓಲಾ ಮತ್ತು ಊಬರ್‌ಗೆ ನೋಟಿಸ್ ಕೊಟ್ಟಿತ್ತು. ಇಬ್ಬರೂ ಹಾಗೆ ಮಾಡಿಲ್ಲ ಅಂದರು. ಅದು ಏನೇ ಇರಲಿ, ನಾನಂತೂ ಈಗ ದೊಡ್ಡ ಸಾಮಾನು ತಗೊಳ್ಳುವ ಮೊದಲು ಇನ್ನೊಬ್ಬರ ಫೋನಿನಲ್ಲೂ ರೇಟ್ ನೋಡುತ್ತೇನೆ. ಗಡಿಯಾರ ಓಡುತ್ತಿದ್ದರೆ ಬೇಕಂತಲೇ ಮಾರನೆಯ ದಿನ ನೋಡುತ್ತೇನೆ. ಇಲ್ಲಿ ತನಕ ಒಂದು ಸಾಮಾನೂ ತಪ್ಪಿಹೋಗಿಲ್ಲ.

ಪ್ರಶ್ನೆ: ಮಗಳ ಪಾಸ್‌ಪೋರ್ಟಿಗೆ ಹುಡುಕಿದಾಗ ಮೊದಲು ಬಂದ ಸೈಟಿನಲ್ಲಿ 3,200 ಕಟ್ಟಿದೆ. ಅಶೋಕ ಚಕ್ರ, ತ್ರಿವರ್ಣ ಎಲ್ಲ ಇತ್ತು. ವಾರ ಕಳೆದರೂ ಸುದ್ದಿ ಇಲ್ಲ. ಮೊದಲೆಲ್ಲ ಹುಡುಕಿದರೆ ಸರಿಯಾದ್ದೇ ಸಿಗುತ್ತಿತ್ತು ಅಲ್ವಾ?
– ಓದುಗರು, ಮಾಲೂರು

ಉತ್ತರ: ನೀವು ಹೇಳಿದ್ದು ಓದಿ ಹೊಟ್ಟೆ ಉರಿಯಿತು, ಯಾಕೆಂದರೆ ಇದು ನನ್ನ ದಿನದ ಕೆಲಸ. ದೊಡ್ಡವರ ಸಾಮಾನ್ಯ 36 ಪುಟದ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ 1,500. ಸೈಟಿನ ಹೆಸರು ಪಾಸ್‌ಪೋರ್ಟ್ಇಂಡಿಯಾ ಡಾಟ್ ಗವ್ ಡಾಟ್ ಇನ್. ಸರ್ಕಾರದ್ದು ಅಂದರೆ ಕೊನೆಗೆ 'ಗವ್ ಡಾಟ್ ಇನ್' ಅಥವಾ 'ಎನ್ಐಸಿ ಡಾಟ್ ಇನ್' ಇರಬೇಕು. ತ್ರಿವರ್ಣ ಯಾರು ಬೇಕಾದರೂ ಅಂಟಿಸಬಹುದು. ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಕೆಲವು ಗಂಟೆಯಲ್ಲೇ ಮಾಡಿದ್ದರೆ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ ಇತ್ತು, ಆದರೂ ಮಾಡಿ. ಆ ಸೈಟಿಗೆ ಮಗಳ ಆಧಾರ್ ಕೊಟ್ಟಿದ್ದರೆ ಅದನ್ನೂ ದೂರಿನಲ್ಲಿ ಬರೆಸಿ.

ಮೊದಲು ಸರಿಯಾದ್ದೇ ಸಿಗುತ್ತಿತ್ತು ಅನ್ನುವುದು ನಿಮ್ಮ ಭ್ರಮೆ ಅಲ್ಲ. ನಾನು ಅಂಗಡಿ ಇಟ್ಟಾಗ ಹುಡುಕಿದರೆ ಜಾಹೀರಾತಿಗೆ ಬೇರೆ ಬಣ್ಣದ ಹಿನ್ನೆಲೆ ಇರುತ್ತಿತ್ತು, ದೂರದಿಂದಲೇ ತಿಳಿಯುತ್ತಿತ್ತು. ಈಗ 'ಸ್ಪಾನ್ಸರ್ಡ್' ಅನ್ನುವ ಒಂದು ಸಣ್ಣ ಪದ, ಉಳಿದದ್ದೆಲ್ಲ ನಿಜವಾದ ಉತ್ತರದ ಹಾಗೇ. ಕೋರಿ ಡಾಕ್ಟೊರೊ ಅನ್ನುವ ಲೇಖಕ 2022ರಲ್ಲಿ ಇದಕ್ಕೆ ಒಂದು ಪದ ಹುಟ್ಟಿಸಿದ, ಎನ್‌ಶಿಟಿಫಿಕೇಷನ್ ಅಂತ. ಅಮೆರಿಕನ್ ಡಯಲೆಕ್ಟ್ ಸೊಸೈಟಿಯವರು ಅದನ್ನು 2023ರ ವರ್ಷದ ಪದ ಅಂತ ಆರಿಸಿದರು. ಮನೆಯಲ್ಲಿ ಹಿರಿಯರ ಮುಂದೆ ಅದರ ಅರ್ಥ ಬಿಡಿಸಿ ಹೇಳಬೇಡಿ. ಅವನು ಹೇಳುವುದು ಇಷ್ಟು. ಮೊದಲು ನಮ್ಮನ್ನು ಚೆನ್ನಾಗಿ ನೋಡಿಕೊಂಡು ಒಳಗೆ ಕರೆಯುತ್ತಾರೆ. ನಾವು ಬಿಟ್ಟುಹೋಗಲಾರದ ಹಾಗೆ ಆದಮೇಲೆ ನಮ್ಮನ್ನು ತೋರಿಸಿ ವ್ಯಾಪಾರಿಗಳನ್ನು ಕರೆಯುತ್ತಾರೆ, ಅವರಿಗೆ ಉಪಚಾರ. ವ್ಯಾಪಾರಿಗಳೂ ಸಿಕ್ಕಿಬಿದ್ದ ಮೇಲೆ ಇಬ್ಬರನ್ನೂ ಹಿಂಡಿ ಪೂರ್ತಿ ತಾವೇ ಇಟ್ಟುಕೊಳ್ಳುತ್ತಾರೆ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಎರಡೂ ಕಡೆ ಕಮಿಷನ್ ಹೊಡೆಯುವ ದಳ್ಳಾಳಿಯನ್ನು ಕಂಡವರಿಗೆ ಇದು ತಕ್ಷಣ ಅರ್ಥ ಆಗುತ್ತೆ.

ಪ್ರಶ್ನೆ: ಫ್ರೆಂಡ್ ಜೊತೆ ಶೂ ಬಗ್ಗೆ ಮಾತಾಡಿದೆ ಅಷ್ಟೇ, ಹುಡುಕಲೂ ಇಲ್ಲ. ಸಂಜೆ ಶೂ ಜಾಹೀರಾತು ಬಂತು. ಫೋನ್ ನಮ್ಮ ಮಾತು ಕದ್ದು ಕೇಳುತ್ತಾ?
– ಡಿಗ್ರಿ ವಿದ್ಯಾರ್ಥಿ, ಕೆಜಿಎಫ್

ಉತ್ತರ: ಕದ್ದು ಕೇಳುವಷ್ಟು ಕಷ್ಟ ಪಡುವ ಅಗತ್ಯವೇ ಇಲ್ಲ ತಮ್ಮಾ. ನಿನ್ನ ಫ್ರೆಂಡ್ ಹುಡುಕಿರುತ್ತಾನೆ. ನೀವಿಬ್ಬರೂ ಒಂದೇ ವೈಫೈನಲ್ಲಿ, ಒಂದೇ ಜಾಗದಲ್ಲಿ ಇದ್ದಿರಿ, ಒಬ್ಬರ ನಂಬರ್ ಇನ್ನೊಬ್ಬರ ಫೋನಿನಲ್ಲಿದೆ. ವಯಸ್ಸೂ ಒಂದೇ. ಅಷ್ಟು ಸಾಕು. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಅನ್ನುವ ಚುನಾವಣಾ ಪ್ರಚಾರದ ಕಂಪನಿಯ ಹಗರಣ ಹೊರಬಂದಾಗ ಏನಾಗಿತ್ತು ಗೊತ್ತಾ? ನಿನ್ನ ಗುಣ ಎಂಥದ್ದು ಅಂತ ಹೇಳುವ ಒಂದು ಪ್ರಶ್ನೋತ್ತರದ ಆ್ಯಪನ್ನು ಫೇಸ್‌ಬುಕ್‌ನಲ್ಲಿ ಹಾಕಿಕೊಂಡವರು ಸುಮಾರು ಎರಡೂಮುಕ್ಕಾಲು ಲಕ್ಷ ಜನ. ಅವರ ಸ್ನೇಹಿತರ ಮೂಲಕ ಮಾಹಿತಿ ಹೋದದ್ದು 8.7 ಕೋಟಿ ಜನರದ್ದು ಇರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಹಾಗಾಗಿ ನೀನು ಎಷ್ಟು ಹುಷಾರು ಅನ್ನುವುದರ ಜೊತೆಗೆ ನಿನ್ನ ಗೆಳೆಯರು ಎಷ್ಟು ಹುಷಾರು ಅಂತಲೂ ನೋಡಿಕೋ. ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ತೆಗೆದು, ಟಾರ್ಚ್ ಆ್ಯಪಿಗೆ ಕಾಂಟ್ಯಾಕ್ಟ್ಸ್ ಯಾಕೆ ಬೇಕು ಅಂತ ಒಂದೊಂದಾಗಿ ಕೇಳುತ್ತಾ ಹೋಗು. ಕಾಲು ಗಂಟೆ ಕೆಲಸ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಲ್ಲ, ನೀವು ಯಾವತ್ತಾದರೂ ಹೀಗೆ ಬಿದ್ದಿದ್ದೀರಾ?
– ಹೆಸರು ಬೇಡ, ಕೋಲಾರ

ಉತ್ತರ: ಕೋಲಾರ ಅಂದಮೇಲೆ ನಿಮಗೆ ಗೊತ್ತಿದ್ದೇ ಕೇಳುತ್ತಿದ್ದೀರಿ. ಇರಲಿ, ನಾನೇ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬೆಳಿಗ್ಗೆ ಪ್ರಿಂಟರ್ ಕೈಕೊಟ್ಟಿತು. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ನೆಟ್ಟಿನಲ್ಲಿ ಹುಡುಕಿದೆ. ಒಂದು ಪುಟದಲ್ಲಿ ಐದು ಹಸಿರು 'ಡೌನ್‌ಲೋಡ್' ಬಟನ್. ನಾಲ್ಕು ಜಾಹೀರಾತು, ಒಂದು ಮಾತ್ರ ನಿಜ. ಹೊರಗೆ ಮಕ್ಕಳು ಸಾಲು ನಿಂತಿದ್ದಾರೆ, ನಾನು ದೊಡ್ಡದಾಗಿ ಕಂಡದ್ದನ್ನು ಒತ್ತಿದೆ. ಹತ್ತು ನಿಮಿಷದಲ್ಲಿ ಕಂಪ್ಯೂಟರ್ ತುಂಬ ಲಾಟರಿ ಗೆದ್ದಿದ್ದೀರಿ ಅನ್ನುವ ಕಿಟಕಿಗಳು, ಒಂದು ಮುಚ್ಚಿದರೆ ಎರಡು. ಅದೇ ಪೆನ್‌ಡ್ರೈವ್ ಹಾಕಿ ಪಕ್ಕದ ಎರಡು ಕಂಪ್ಯೂಟರಿಗೂ ನಾನೇ ಹಚ್ಚಿದೆ. ರಿಸಲ್ಟ್ ಬಂದಾಗ ಮೂರೂ ಮಲಗಿದ್ದವು. ಮಕ್ಕಳನ್ನೆಲ್ಲ ಕರೆದುಕೊಂಡು ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ, ನನ್ನ ಮಗಳ ರಿಸಲ್ಟೂ ಅಲ್ಲೇ ತೆಗೆಸಿದೆ. ಅವರು ಒಂದು ಪ್ರಿಂಟಿಗೆ ಹತ್ತು ರೂಪಾಯಿ ತಗೊಂಡರು. ನನ್ನ ಹತ್ತಿರವೂ.